ಹನ್ನೆರಡು ಎ, ಹನ್ನೆರಡು ಬಿ

ಶಿವಶರಣಪ್ಪನ ಆ ದಿನದ ಫಜೀತಿಗೆಲ್ಲ ಕಾರಣ ವಿಮಾನವಲ್ಲ, ಫ್ಲೆಕ್ಸು. ಸಿಂಧನೂರಿನಲ್ಲಿ ಮನುಷ್ಯ ಹುಟ್ಟಿದರೂ ಫ್ಲೆಕ್ಸು, ಸತ್ತರೂ ಫ್ಲೆಕ್ಸು. ನಡುವೆ ಹೊಸ ಟ್ರ್ಯಾಕ್ಟರ್ ಕೊಂಡರೆ ಅದಕ್ಕೂ ಒಂದು. ಹೀಗಿರುವಾಗ ಓಣಿಯ ಗಂಡಹೆಂಡತಿ ಮೊದಲ ಸಲ ವಿಮಾನ ಹತ್ತಿ ಕಾಶಿಗೆ ಹೋಗುತ್ತಾರೆಂದರೆ ಊರು ಸುಮ್ಮನಿದ್ದೀತೇ? ಫ್ಲೆಕ್ಸ್ ಅಂಗಡಿ ಇಟ್ಟಿದ್ದ ಗೆಳೆಯ ಸಿದ್ದಲಿಂಗೇಶ ಹೇಳದೆ ಕೇಳದೆ ಬಸ್‌ಸ್ಟ್ಯಾಂಡಿನ ಎದುರು ಎರಡಾಳೆತ್ತರದ ಫ್ಲೆಕ್ಸ್ ನಿಲ್ಲಿಸಿಬಿಟ್ಟ. ಮೋಡಗಳ ನಡುವೆ ಶಿವಶರಣಪ್ಪ ಮತ್ತು ವೀರಭದ್ರಮ್ಮನ ಜೋಡಿ ಫೋಟೋ, ತಲೆಯ ಮೇಲೊಂದು ವಿಮಾನ, ಕೆಳಗೆ ಶುಭ ಕೋರುವವರ ಸಾಲು ಸಾಲು ಮುಖಗಳು. ಅಷ್ಟಕ್ಕೇ ನಿಂತಿದ್ದರೆ ಚಿಂತೆ ಇರಲಿಲ್ಲ. ನಂಬದವರೂ ನಂಬಲಿ ಎಂದು ಅವರ ಟಿಕೆಟ್ಟನ್ನೇ ದೊಡ್ಡದು ಮಾಡಿ, ನಂಬರು ಹೆಸರು ಸಮೇತ ಅಚ್ಚು ಹಾಕಿದ್ದ. ಆ ಟಿಕೆಟ್ಟನ್ನು ಹೆಮ್ಮೆಯಿಂದ ವಾಟ್ಸ್ಯಾಪಿನಲ್ಲಿ ಅವನಿಗೆ ಕಳಿಸಿದವನು ಶಿವಶರಣಪ್ಪನೇ, ಅನ್ನಿ.

ಅದೇ ಫ್ಲೆಕ್ಸು ವೀರಭದ್ರಮ್ಮನ ತವರಾದ ಮಸ್ಕಿಯಲ್ಲೂ ಎದ್ದಿತ್ತು, ಶಿವಶರಣಪ್ಪನ ತಂಗಿಯನ್ನು ಕೊಟ್ಟ ಲಿಂಗಸುಗೂರಿನಲ್ಲೂ ಎದ್ದಿತ್ತು. ಮೂರು ಊರಿನ ಜನ ಬಸ್ಸು ಕಾಯುತ್ತಾ ಓದಲು ಬೇರೆ ಏನೂ ಇಲ್ಲದ್ದಕ್ಕೆ ಅದನ್ನೇ ಓದುತ್ತಿದ್ದರು.

ಶಿವಶರಣಪ್ಪ ಮೋಟಾರ್ ವೈಂಡಿಂಗ್ ಅಂಗಡಿಯವನು. ಸುತ್ತಮುತ್ತಲ ಊರುಗಳಲ್ಲಿ ಕೆಟ್ಟ ಪಂಪುಗಳೆಲ್ಲ ಅವನ ಕೈಯಿಂದಲೇ ಮತ್ತೆ ತಿರುಗಬೇಕು. ಒಳ್ಳೆಯ ಮನುಷ್ಯ, ಮಾತು ತುಸು ಹೆಚ್ಚು. ಮದುವೆಯಾದಾಗಿನಿಂದ ಬಸ್ಸು, ಟೆಂಪೊ, ಜೀಪು ಯಾವುದೇ ಇರಲಿ, ಕಿಟಕಿ ಪಕ್ಕ ಕುಳಿತವನು ಅವನೇ. ಗಾಳಿ ಬೀಸದಿದ್ದರೆ ಅವನಿಗೆ ವಾಂತಿ ಬರುತ್ತಿತ್ತು. ವೀರಭದ್ರಮ್ಮ ಇತ್ತ ಕೂತು ಹಾದುಹೋಗುವವರ ಚೀಲ, ಮೊಣಕೈಗಳ ಏಟು ತಿನ್ನುತ್ತ ಇಷ್ಟು ವರ್ಷ ಕಳೆದಿದ್ದಳು. ಕಾಶಿಗೆ ಹೋಗುವ ಮಾತು ಬಂದಾಗ ಅವಳು ಕೇಳಿದ್ದು ಒಂದೇ ಒಂದು.

"ಈ ಸರ್ತಿ ಕಿಟಕಿ ನನಗ ಬೇಕ್ರಿ."

"ಕೊಟ್ಟೆ ತಗೋ! ವಿಶ್ವನಾಥನಾಣಿ!" ಎಂದುಬಿಟ್ಟಿದ್ದ ಶಿವಶರಣಪ್ಪ. ದೇವರ ಹೆಸರಲ್ಲಿ ಆಣೆ ಮಾಡಿ ಅದೇ ದೇವರ ಮುಂದೆ ಹೋಗಿ ನಿಲ್ಲುವವನು ಮಾತು ತಪ್ಪಿದರೆ ಗತಿಯೇನು?

ಅಂದು ರಾತ್ರಿ ಹೈದರಾಬಾದಿನ ಬಸ್ಸು ಹತ್ತಬೇಕು, ಮರುದಿನ ವಿಮಾನ. ಬೆಳಗಾಗುತ್ತಲೇ ಅವನು ಟಿಕೆಟ್ ಮಾಡಿಕೊಟ್ಟ ಮೊಬೈಲ್ ಅಂಗಡಿಯ ಮುಷರಫ್‌ನ ಹತ್ತಿರ ಓಡಿದ.

"ಮಾಮಾ, ಆ್ಯಪ್ ಹಾಕ್ಕೊಳ್ರಿ," ಎಂದ ಮುಷರಫ್. "ಸೀಟು ನಿಮ್ಮ ಕೈಯಾಗ ಇರ್ತೈತಿ. ಏನರ ಬದಲಾದ್ರ ಟಣ್ ಅಂತ ಅದ ಹೇಳ್ತೈತಿ."

ಆ್ಯಪ್ ಹಾಕಿಕೊಳ್ಳಲು ಫೋನಿನಲ್ಲಿ ಜಾಗವಿರಲಿಲ್ಲ. ಶುಭೋದಯದ ಹೂವುಗಳನ್ನೆಲ್ಲ ಅಳಿಸಿದರು, ಸುಟ್ಟ ಮೋಟಾರುಗಳ ಫೋಟೋಗಳನ್ನು ಅಳಿಸಿದರು. ಕೊನೆಗೆ ಅಳಿಯನ ಸೀಮಂತದ ವಿಡಿಯೋ ಅಳಿಸಿದ ಮೇಲೆ ಆ್ಯಪ್ ಬಂದು ಕುಳಿತಿತು. ಅಳಿಯನ ಸೀಮಂತ ಎಂದರೆ ಮಗಳ ಸೀಮಂತವೇ. ಅದರಲ್ಲಿ ಅಳಿಯನೇ ಹೆಚ್ಚು ಕಾಣುತ್ತಿದ್ದ. ಹನ್ನೆರಡು ಎ, ಕಿಟಕಿ: ವೀರಭದ್ರಮ್ಮ. ಹನ್ನೆರಡು ಬಿ: ಶಿವಶರಣಪ್ಪ. ಮನೆಗೆ ಬಂದು ಹೆಂಡತಿಗೆ ಫೋನು ಹಿಡಿದು ತೋರಿಸಿದ.

"ನೋಡು, ನಿನ್ನ ಕಿಟಕಿ!"

"ನೀವೆಲ್ಲಿ?"

"ಇಲ್ಲೇ ಬಿಡು, ನಿನ್ನ ಬಾಜೂಕ."

"ಹೌದಾ," ಎಂದು ವೀರಭದ್ರಮ್ಮ ರೊಟ್ಟಿ ಬಡಿಯಲು ಒಳಗೆ ಹೋದಳು.

ಶಿವಶರಣಪ್ಪ ಹೋಟೆಲ್ಲಿನಲ್ಲಿ ಒಗ್ಗರಣೆ ಮಂಡಕ್ಕಿ ಬಾಯಿಗಿಡುವಷ್ಟರಲ್ಲಿ ಫೋನು ಟಣ್ ಎಂದಿತು. ನೋಡಿದರೆ ಇಬ್ಬರ ಸೀಟೂ ಎರಡನೇ ಸಾಲಿಗೆ ಹೋಗಿತ್ತು, ಕಿಟಕಿ ಯಾರದೋ ಪಾಲಾಗಿತ್ತು. ಅವನು ಕಣ್ಣು ಕಣ್ಣು ಬಿಡುತ್ತಿರುವಾಗ ಎದುರುಮನೆಯ ಉಸ್ಮಾನ್‌ಸಾಬ್ ನಗುತ್ತಾ ಬಂದು ಪಕ್ಕದಲ್ಲಿ ಕುಳಿತರು. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಊರ ಉಸಾಬರಿಯಿಂದ ಮಾತ್ರ ಇನ್ನೂ ನಿವೃತ್ತರಾಗಿರಲಿಲ್ಲ.

"ನೋಡಿದೇನೋ ತಮ್ಮಾ? ನಿನ್ನ ಮುಂದ ತಂದೀನಿ. ಹಿಂದ ಕುಂತ್ರ ಎತ್ತಿ ಎತ್ತಿ ಒಗೀತೈತಿ. ಹಂಪ್ ಬಂದ್ರ ನಡಾ ಮುರೀತೈತಿ."

"ಚಾಚಾ, ಆಕಾಶದಾಗ ಹಂಪ್ ಎಲ್ಲಿರ್ತಾವ್ರಿ! ನನ್ನ ಟಿಕೆಟ್ ನೀವ್ ಹ್ಯಾಂಗ ತೆಗದ್ರಿ?"

"ಅದಕ್ಕೇನೈತಿ? ವೆಬ್‌ಸೈಟ್‌ನ್ಯಾಗ ಹೋದೆ, ಫ್ಲೆಕ್ಸ್ ಮ್ಯಾಲಿನ ನಂಬರ್ ಹೊಡದೆ, ನಿನ್ನ ಹೆಸರ ಹೊಡದೆ, ತೆಗೀತು. ಆ್ಯಪ್ ಯಾಕ ಬೇಕೋ? ಆ್ಯಪ್ ಅಂದ್ರ ಮನ್ಯಾಗ ಬಾಡಿಗಿದಾರನ ಇಟ್ಕೊಂಡಂಗ, ದಿನಾ ಏನರ ಕೇಳ್ತಾನ. ವೆಬ್‌ಸೈಟ್ ಅಂದ್ರ ಛತ್ರ. ಹೋಗು, ಕೆಲಸ ಮುಗಿಸು, ಬಾ."

ಮಂಡಕ್ಕಿ ಅಲ್ಲೇ ಬಿಟ್ಟು ಶಿವಶರಣಪ್ಪ ಸೀಟನ್ನು ಮತ್ತೆ ಹನ್ನೆರಡಕ್ಕೆ ತಂದ. ಅಂಗಡಿಯ ಬಾಗಿಲು ತೆಗೆಯುವಾಗ ಟಣ್. ಈ ಸಲ ಕಟ್ಟಕಡೆಯ ಸಾಲು. ಹಿಂದೆಯೇ ಲಿಂಗಸುಗೂರಿನಿಂದ ತಂಗಿ ಅಮರಮ್ಮನ ಫೋನು.

"ಅಣ್ಣಾ, ನಿನಗ ಶುಗರ್ ಐತಿ, ಹತ್ತಿಪ್ಪತ್ ಸರ್ತಿ ಏಳ್ತಿ. ಅದಕ್ಕ ನಮ್ಮ ಮನಿಯವ್ರು ಪಾಯಖಾನಿ ಬಾಜೂಕ ಹಾಕ್ಯಾರ. ಭಾಳ ಚೊಲೊ ಸೀಟಂತ!"

"ಅಮರಿ, ವೀರಿಗೆ ಕಿಟಕಿ ಬೇಕವಾ!"

"ವೈನಿ ಕಿಟಕ್ಯಾಗ ಏನ್ ನೋಡ್ತಾಳ? ಮೋಡ. ನಿನ್ನ ಜೀಂವ ದೊಡ್ಡದೋ, ಮೋಡ ದೊಡ್ಡದೋ?"

ಅವನು ಸೀಟನ್ನು ಮತ್ತೆ ಎಳೆದು ತಂದ. ಟಣ್. ಮಸ್ಕಿಯ ಭಾವಮೈದುನನ ಕೈ. ಅವನ ವಾದ ಬೇರೆಯೇ: "ಮಾಮಾ, ಏನರ ಹೆಚ್ಚುಕಮ್ಮಿ ಆದ್ರ ಅಕ್ಕ ಮೊದಲ ಹೊರಗ ಬರಬೇಕು. ಅದಕ್ಕ ಬಾಗಲ ಸೀಟ್ ಹಾಕೀನಿ. ನಿಮಗೂ ಹಾಕಬೇಕಂತಿದ್ದೆ, ಜಾಗಾ ಸಿಗಲಿಲ್ಲ." ಅಳಿಯತನದಲ್ಲಿ ಇಷ್ಟು ವರ್ಷ ಸವೆಸಿದವನಿಗೆ ಈ ಮಾತು ಸ್ವಲ್ಪ ನೋವೇ ಆಯಿತು.

ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ ಅನ್ನುವ ಹಾಗೆ ಮಧ್ಯಾಹ್ನದವರೆಗೆ ಇದೇ ಆಟ. ಗಿರಾಕಿಗಳು ಮೋಟಾರು ಹೊತ್ತು ತಂದು ನಿಂತಿದ್ದರು. ಅವನು ಒಂದು ಕೈಯಲ್ಲಿ ತಾಮ್ರದ ತಂತಿ, ಒಂದು ಕೈಯಲ್ಲಿ ಫೋನು ಹಿಡಿದು ಯಾವುದನ್ನು ಸುತ್ತುತ್ತಿದ್ದೇನೆಂದು ತನಗೇ ತಿಳಿಯದಂತಾಗಿದ್ದ. ಕೊನೆಗೆ ತಲೆ ಕೆಟ್ಟು, ಮೋಟಾರಿಗೆ ಬಳಿಯುವ ಕಪ್ಪು ವಾರ್ನಿಶ್ ಡಬ್ಬಿಯನ್ನೂ ಬ್ರಶ್ಶನ್ನೂ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ. ರೋಗದ ಬೇರೇ ಆ ನಂಬರು.

ಫ್ಲೆಕ್ಸಿನ ಮುಂದೆ ಸಂತೆಯಂತೆ ಜನ. ಅರ್ಧ ಮಂದಿ ಫೋನು ಹೊರಗೆ ತೆಗೆದಿದ್ದರು.

"ನೀವೇ ಏನ್ರಿ ಇವ್ರು?" ಮುಕ್ಕುಂದದ ಬಸ್ಸು ಕಾಯುತ್ತಿದ್ದ ಅಪರಿಚಿತ ಹಿರಿಯರೊಬ್ಬರು ಕೈಮುಗಿದರು. "ಪುಣ್ಯವಂತ್ರು. ನಿಮ್ಮ ಸೀಟು ರೆಕ್ಕಿ ಮ್ಯಾಲ ಬಂದಿತ್ರಿ, ಏನೂ ಕಾಣ್ತಿರಲಿಲ್ಲ. ನಾನ ನಾಕ್ ಸಾಲು ಹಿಂದ ಹಾಕೀನಿ. ನನ್ನ ಹೆಸರಲೆ ಅಲ್ಲಿ ಒಂದು ಬಿಲ್ವಪತ್ರಿ ಏರಸ್ರಿ."

ಶಿವಶರಣಪ್ಪನಿಗೆ ಬೈಯಲು ಬಾಯಿ ಬರಲಿಲ್ಲ. ಬಿಲ್ವಪತ್ರೆ ಬೇಡಿದವರನ್ನು ಬೈಯುವುದು ಹೇಗೆ? "ಆತ್ರಿ," ಎಂದು ಚಹಾದಂಗಡಿಯ ಸ್ಟೂಲು ತಂದು ಹತ್ತಿ ನಂಬರಿಗೆ ವಾರ್ನಿಶ್ ಬಳಿಯತೊಡಗಿದ. ಅಷ್ಟರಲ್ಲಿ ಸಿದ್ದಲಿಂಗೇಶ ಹೋ ಎಂದು ಓಡಿಬಂದ.

"ಏ, ಏನ್ ಮಾಡಾಕತ್ತಿಯೋ ಮಾರಾಯಾ! ಪ್ರೀತಿಲೆ ಹಾಕಿಸಿದ್ದು!"

"ನಿನ್ನ ಪ್ರೀತಿ ನನ್ನ ಸೀಟು ಕಸಗೊಂಡೈತಿ, ಬಿಡಲೇ!"

ಆತ ಸ್ಟೂಲು ಎಳೆದ, ಈತ ಬ್ರಶ್ಶು ಎಳೆದ. ವಾರ್ನಿಶ್ ನಂಬರಿನ ಮೇಲಿಂದ ಹಾರಿ ಶಿವಶರಣಪ್ಪನ ಫೋಟೋದ ಮುಖಕ್ಕೇ ಬಿತ್ತು. ಈಗ ಮೋಡಗಳ ನಡುವೆ ವೀರಭದ್ರಮ್ಮ ಒಬ್ಬಳೇ ನಗುತ್ತಿದ್ದಳು. ಕೆಳಗೆ ಉಸ್ಮಾನ್‌ಸಾಬರು ಮತ್ತು ಮುಷರಫ್ ಬೇರೆಯೇ ಜಗಳಕ್ಕೆ ನಿಂತಿದ್ದರು.

"ವೆಬ್‌ಸೈಟ್‌ದಾಗ ಕಂಡಕಂಡವರು ಕೈ ಹಾಕ್ತಾರ ಚಾಚಾ! ಆ್ಯಪ್ ಇದ್ದದ್ದಕ್ಕ ಇವರಿಗೆ ಗೊತ್ತರ ಆತು!"

"ಗೊತ್ತಾಗಿ ಏನ್ ಕಿಸದಾನಲೇ? ಆ್ಯಪ್ ಇರಲಿಲ್ಲಂದ್ರ ಬೆಳಿಗ್ಗೆಯಿಂದ ಆರಾಮ ಮಂಡಕ್ಕಿ ತಿಂದು ಕುಂದರ್ತಿದ್ದ!"

ಅದು ನಿಜವೇ ಅನಿಸಿತು ಶಿವಶರಣಪ್ಪನಿಗೆ. ಆದರೂ ಮುಷರಫ್‌ನ ತೋಳು ಹಿಡಿದು ಬೇಡಿಕೊಂಡ. "ಏನರ ಮಾಡೋ. ಆಕಿ ಜಲ್ಮದಾಗ ಒಂದ್ ಕಿಟಕಿ ಕೇಳ್ಯಾಳ."

ಮುಷರಫ್‌ನ ಮನಸ್ಸು ಕರಗಿತು. "ಚೆಕ್-ಇನ್ ಮಾಡಿ ಬೋರ್ಡಿಂಗ್ ಪಾಸ್ ತೆಗದ್ರ ಮುಗೀತ್ರಿ ಮಾಮಾ. ನಿಮ್ಮ ಸೀಟು ಆಮ್ಯಾಲ ಬ್ರಹ್ಮ ಬಂದ್ರೂ ಬದಲಾಗಂಗಿಲ್ಲ."

ಇಬ್ಬರೂ ಮೊಬೈಲ್ ಅಂಗಡಿಗೆ ಓಡಿದರು. ಆ್ಯಪ್ ತೆಗೆದರೆ, ಹೊಸದಾಗಿ ಅಪ್‌ಡೇಟ್ ಮಾಡಿಕೊಂಡರೆ ಮಾತ್ರ ಮುಂದಿನ ಮಾತು ಎಂದಿತು. ಅಪ್‌ಡೇಟಿಗೆ ಮತ್ತೆ ಜಾಗವಿಲ್ಲ. ಈ ಸಲ ವಚನಗಳ ಆಡಿಯೋ ಹೋಯಿತು. ಓಟಿಪಿ ಬಂತು, ಹೊಡೆಯುವುದರೊಳಗೆ ಅದರ ಅವಧಿ ಮುಗಿಯಿತು. ಎರಡನೆಯದು ಬರುವ ಹೊತ್ತಿಗೆ ಕರೆಂಟು ಹೋಗಿ ನೆಟ್‌ವರ್ಕೂ ಹಿಂದೆ ಹೋಯಿತು. ಶಿವಶರಣಪ್ಪ ಫೋನನ್ನು ಹಣೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕುಳಿತ. ಸಂಜೆ ಬಿಸಿಲು ಬಾಗಿಲಿಗೆ ಬಂದಾಗ ಆ್ಯಪ್ ಕೊನೆಗೂ ತೆರೆಯಿತು, ತೆರೆಯುತ್ತಲೇ ಟಣ್ ಎಂದಿತು.

ಮುಷರಫ್ ಓದಿ ಫೋನನ್ನು ಅವನತ್ತ ತಿರುಗಿಸಿದ.

"ಏನೋ?"

"ಯಾರೋ ಆಗ್ಲೇ ಚೆಕ್-ಇನ್ ಮಾಡಿಬಿಟ್ಟಾರ್ರಿ. ಮಾಮಿಗೆ ಇಪ್ಪತ್ತೊಂದು ಎ, ಕಿಟಕಿ. ನಿಮಗ ನಾಕು ಇ. ಇಬ್ಬರ ನಡುವ."

"ಯಾರು ಮಾಡ್ಯಾರ?"

"ಬದಲಾಗೇತಿ ಅಂತ ಆ್ಯಪ್ ಹೇಳ್ತೈತ್ರಿ, ಯಾರು ಅಂತ ಹೇಳಂಗಿಲ್ಲ."

ಶಿವಶರಣಪ್ಪ ಮನೆಯ ಕಡೆ ಹೆಜ್ಜೆ ಹಾಕಿದ. ಕಿಟಕಿಯೇನೋ ಸಿಕ್ಕಿತ್ತು. ಆದರೆ ಪಕ್ಕದೂರು ಗೊರೇಬಾಳದಾಚೆ ಒಬ್ಬಳೇ ಹೋಗಿ ಗೊತ್ತಿಲ್ಲದ ಹೆಂಗಸು, ಕಂಡು ಕೇಳರಿಯದ ಜನರ ನಡುವೆ ಆಕಾಶದಲ್ಲಿ ಒಬ್ಬಳೇ ಕುಳಿತಿರುತ್ತಾಳೆ. ಬೆಲ್ಟು ಹಾಕಿಕೊಡುವವರು ಯಾರು? ಹೆದರಿದರೆ ಕೈ ಹಿಡಿಯುವವರು ಯಾರು? ಈ ಸುದ್ದಿ ಕೇಳಿ ಅವಳು ಪ್ರಯಾಣವೇ ಬೇಡ ಎಂದರೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದ.

ವೀರಭದ್ರಮ್ಮ ದಾರಿಯಲ್ಲಿ ರೊಟ್ಟಿಗೆ ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟುತ್ತಿದ್ದಳು. ಜೊತೆಗೆ ಉಸ್ಮಾನ್‌ಸಾಬರ ಸೊಸೆ ಅಸ್ಮಾ ರೊಟ್ಟಿ ಸುತ್ತಿಡುತ್ತಿದ್ದಳು.

"ವೀರೀ," ಎಂದ ಅಪರಾಧಿಯಂತೆ. "ತಪ್ಪಾಗೈತಿ. ಯಾವನೋ ದರಿದ್ರಗೇಡಿ ನಮ್ಮನ್ನ ಅಗಲಿಸಿ ಹಾಕ್ಯಾನ. ನೀ ಹಿಂದ, ನಾ ಮುಂದ. ಬೇಕಾದ್ರ ಅಲ್ಲಿ ಹೋಗಿ ಕಾಲು ಹಿಡದು..."

"ಯಾರ ಕಾಲೂ ಹಿಡೀಬ್ಯಾಡ್ರಿ," ಎಂದಳು ವೀರಭದ್ರಮ್ಮ, ಗಂಟು ಬಿಗಿಯುತ್ತಾ. "ಆ ದರಿದ್ರಗೇಡಿ ನಾನ."

ಅಸ್ಮಾ ರೊಟ್ಟಿಗೆ ಮುಖ ಮುಚ್ಚಿಕೊಂಡು ನಕ್ಕಳು.

"ನೀ... ನಿನ್ನ ಫೋನಿನ್ಯಾಗ ಆ್ಯಪ್ಪ ಇಲ್ಲಲ್ಲ?"

"ಆ್ಯಪ್ ಯಾಕ? ಅಸ್ಮಾ ವೆಬ್‌ಸೈಟ್ ತೆಗದು ಕೊಟ್ಟಳು. ನಂಬರ್ ಅಂತೂ ಇಡೀ ಊರಿಗೇ ಬಾಯಿಪಾಠ ಆಗೈತಿ. ಬೆಳಿಗ್ಗೆಯಿಂದ ಊರ ಮಂದಿ ಎಲ್ಲಾ ನಮ್ಮ ಸೀಟು ಹಾಕ್ಯಾರ, ನಾ ಹಾಕಬಾರದೇನು?"

ಶಿವಶರಣಪ್ಪ ಗೋಡೆಗೆ ಒರಗಿ ಕುಳಿತ. "ನಾ ಏನ್ ತಪ್ಪು ಮಾಡೀನಿ?"

ಅವನ ಮುಖ ನೋಡಿ ವೀರಭದ್ರಮ್ಮನಿಗೆ ಪಾಪ ಅನಿಸಿತು. ಮುಂದೆ ಬಂದು ಕುಳಿತು, ಮಗುವಿಗೆ ಹೇಳುವಂತೆ ಹೇಳಿದಳು.

"ತಪ್ಪೇನಿಲ್ರಿ. ಬಸ್ ಹತ್ತಿದ ಕೂಡ್ಲೆ ಇದು ಯಾರ ಗದ್ದಿ, ಆ ಬಾವ್ಯಾಗ ಎಷ್ಟು ಎಚ್‌ಪಿ ಮೋಟಾರ್ ಐತಿ, ಅದು ಎಷ್ಟು ಸರ್ತಿ ಸುಟ್ಟೈತಿ ಅಂತ ಹೇಳ್ಕೋತ ಬರ್ತೀರಿ. ಹೇಳಿ ದಣದು ನನ್ನ ಹೆಗಲ ಮ್ಯಾಲ ಮಲಗ್ತೀರಿ. ಸೀರಿ ಎಲ್ಲಾ ಜೊಲ್ಲು. ಒಂದ್ ಸರ್ತಿ, ಒಂದ ಸರ್ತಿ, ನಾ ಸುಮ್ಮನ ಹೊರಗ ನೋಡ್ಕೋತ ಹೋಗಬೇಕ್ರಿ. ನಾ ಕಿಟಕಿ ಬೇಡಿದ್ದು ಅದಕ್ಕ."

ಶಿವಶರಣಪ್ಪನಿಗೆ ಸಿಟ್ಟು ಬರಲಿಲ್ಲ. ಬರಬೇಕೆಂದು ಪ್ರಯತ್ನಿಸಿ ನೋಡಿದ, ಬರಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ನೆಲ ಕೆರೆಯುತ್ತಾ ಸಣ್ಣ ದನಿಯಲ್ಲಿ ಕೇಳಿದ:

"ಬರೋವಾಗರ?"

"ಬರೋವಾಗಿಂದೂ ಹಾಕೀನಿ. ಕಿಟಕಿ ನಿಮಗ ಕೊಟ್ಟೀನಿ."

ಅವನ ಮುಖ ಅರಳಿತು. "ಮತ್ತ ನೀನು?"

"ನಾ ಮುಂದ. ಭಾಳ ಮುಂದ."

"ಹಂಗಾರ ನಾ ಕಂಡದ್ದನ್ನೆಲ್ಲ ಯಾರಿಗೆ ಹೇಳ್ಲೇ?"

ವೀರಭದ್ರಮ್ಮ ಅವನ ಮೊಣಕಾಲು ಮೆಲ್ಲಗೆ ತಟ್ಟಿ ಎದ್ದಳು.

"ನಿಮ್ಮ ಬಾಜೂಕಿನ ಸೀಟಿಗೆ ಕನ್ನಡ ಬರದವರು ಸಿಗ್ಲಿ ಅಂತ ವಿಶ್ವನಾಥಗ ಬೇಡ್ಕೊಂತೀನಿ. ಎಷ್ಟರ ಹೇಳ್ರಿ, ತಿಳೀಲಾರದ್ದಕ್ಕ ಅವರು ನಡುವ ಎದ್ದು ಹೋಗೂದಿಲ್ಲ."