ಪಾಲಪ್ಪನ ಕಂಬ

ಆದಿತ್ಯವಾರ ಬೆಳಗಿನ ಆರಾಧನೆ ಮುಗಿಯುತ್ತಲೇ ಪಾದ್ರಿಗಳು ಮದರಾಸಿನಿಂದ ಬಂದ ನಕ್ಷೆಯೊಂದನ್ನು ಗೋಡೆಗೆ ತೂಗುಹಾಕಿದರು. ಕಂಪನಿ ಸರಕಾರದ ಕಾಲದ ಆ ಹೊಸಪೇಟೆ ಚರ್ಚಿನ ನಡುಗಂಬ ತೆಗೆಸಿ, ಚಾಪೆಗಳ ಬದಲು ಬೆಂಚು ಹಾಕಿಸುವ ಯೋಚನೆ ಅವರದು.

"ನಿಮ್ಮನ್ನು ಕೇಳದೆ ಒಂದು ಕಲ್ಲನ್ನೂ ಅಲುಗಿಸುವುದಿಲ್ಲ. ಸಂಜೆ ಬಂದು ನಿಮ್ಮ ಅಭಿಪ್ರಾಯ ಹೇಳಿ" ಎಂದರು.

ಸಭೆಯ ಹಿರಿಯ ಪಾಲಪ್ಪ ಕೈ ಹಿಂದಕ್ಕೆ ಚಾಚಿ ಕಂಬವನ್ನು ಹಿಡಿದುಕೊಂಡ. ಆ ಕಂಬಕ್ಕೆ ಒರಗಿಯೇ ಅವನು ವಾರವಾರ ಪ್ರಸಂಗ ಕೇಳುತ್ತಿದ್ದುದು; ಅಂದರೆ, ನಿದ್ದೆ ಮಾಡುತ್ತಿದ್ದುದು. ಬೆನ್ನಿಗೆ ಕಲ್ಲಿನ ತಂಪು ತಾಗಿದರೆ ಸಾಕು, ಚರ್ಚು ಕರಗಿ ಹೊಳೆಯಾಗುತ್ತಿತ್ತು. ಹಂಪಿಯ ಬಂಡೆಗಳ ನಡುವೆ ಹರಿಗೋಲು ಮೆಲ್ಲಗೆ ತಿರುಗುತ್ತಿತ್ತು. ಎದುರಿಗೆ ತೀರಿಹೋದ ಹೆಂಡತಿ ಊರಮ್ಮ ಕಬ್ಬು ಸಿಗಿಯುತ್ತ ಕೂತಿರುತ್ತಿದ್ದಳು. ಮನೆಯ ಹಾಸಿಗೆಯಲ್ಲಿ ಎಷ್ಟು ಹೊರಳಿದರೂ ಆಕೆ ಒಮ್ಮೆಯೂ ಬಂದವಳಲ್ಲ. ಕಂಬ ಹೋದರೆ ಊರಮ್ಮನೂ ಹೋದಳೆಂದು ಪಾಲಪ್ಪನಿಗೆ ಅಳುವೇ ಬಂತು.

ಇದನ್ನು ನಾಲ್ಕು ಜನರೆದುರು ಹೇಳುವುದಾದರೂ ಹೇಗೆ? ಟೊಂಕ ಕಟ್ಟಿ ಸಭೆಯವರ ಮನೆಮನೆ ತಿರುಗಿದ.

"ಹಿರೇರು ನಿಲ್ಸಿದ ಕಂಬ ರೀ, ಕೆಡವಬಾರ್ದು" ಎಂದ, ದೊಡ್ಡಬಸಪ್ಪನ ಕಟ್ಟೆಯ ಮೇಲೆ ಕೂತು.

"ಕಂಬ ಇರ್ಲಿ ಬಿಡ್ರಿ. ಗಂಟಿ ದೊಡ್ಡದು ತರಸ್ತೀರೇನು? ನಮ್ಮನಿತನಕ ಕೇಳಂಗೇ ಇಲ್ಲ" ಎಂದ ದೊಡ್ಡಬಸಪ್ಪ.

ಪಾಲಪ್ಪ ಗಂಟೆಗೆ ಒಪ್ಪಿದ. ಮುಂದಿನ ಮನೆಯವರು ಬಡಗಣ ಕಿಟಕಿ ಮುಚ್ಚಿಸಿ ಎಂದರು, ಅದರ ಮುಂದಿನವರು ಅಗಲ ಮಾಡಿಸಿ ಎಂದರು. ಎರಡಕ್ಕೂ ತಲೆಯಾಡಿಸಿದ. ಹೋದಲ್ಲೆಲ್ಲ ಎಲೆ ಹಾಕುತ್ತಿದ್ದರು. ಒಲ್ಲೆನೆಂದರೆ ಎಲ್ಲಿ ಮನಸ್ಸು ಬದಲಿಸಿಯಾರೋ ಎಂದು ಎಲ್ಲ ಕಡೆಯೂ ಉಂಡ.

ಕೊನೆಗೆ ನಿಂಗಕ್ಕನ ಮನೆ. ಹೆಂಗಸರ ಸಾಲಿನಲ್ಲಿ ಅದೇ ಕಂಬದ ಆಚೆಗೆ ಕೂಡುವವಳು ಆಕೆ.

"ಪಾಲಣ್ಣ, ಖರೇ ಹೇಳು. ಕಂಬಕ್ಕೋ ನಿನ್ನ ಗೊರಕಿಗೋ, ಈ ಓಡಾಟ?"

ಪಾಲಪ್ಪ ತಲೆ ತಗ್ಗಿಸಿ ಎಲೆಯ ಮೇಲಿನ ಹೋಳಿಗೆ ಮುರಿದ.

"ನಾಚ್ಕಿ ಯಾಕ? ನಿನ್ನ ಗೊರಕಿ ಕೇಳ್ಲಿಲ್ಲಂದ್ರ ನಮಗೂ ಆರಾಧ್ನಿ ಆದಂಗ ಆಗಂಗಿಲ್ಲ. ಸಂಜಿಗೆ ನೀ ಏನಂತಿ, ಎಲ್ಲಾರೂ ಅದನ್ನ ಅಂತೀವಿ. ಇನ್ನೊಂದು ಹೋಳಿಗಿ ಹಾಕಿಸ್ಕೋ."

ಸಂಜೆ ಚರ್ಚು ತುಂಬಿತು. ಸಭೆಯೆಲ್ಲ ತನ್ನ ಕಡೆಗಿದೆಯೆಂಬ ನೆಮ್ಮದಿ, ಹೊಟ್ಟೆ ತುಂಬ ಹೋಳಿಗೆ, ಬೆನ್ನಿಗೆ ಕಂಬ. "ಮೊದಲು ಪ್ರಾರ್ಥಿಸೋಣ" ಎಂದದ್ದಷ್ಟೇ ಪಾಲಪ್ಪನ ಕಿವಿಗೆ ಬಿತ್ತು. ಹರಿಗೋಲು ಬಂತು. ಊರಮ್ಮ ಕಬ್ಬಿನ ತುಂಡು ಚಾಚಿ, "ಭಾಳ ದಣದೀರಿ" ಎಂದಳು.

ಅತ್ತ ಪಾದ್ರಿಗಳು, "ಕರ್ತನೇ, ಈ ಕಂಬ ತೆಗೆಯುವುದು ನಿನಗೂ ನಿನ್ನ ಮಕ್ಕಳಿಗೂ ಒಪ್ಪಿಗೆಯಾಗಲಿ" ಎಂದು ದನಿ ಇಳಿಸಿದರು. ಪಾದ್ರಿಯ ದನಿ ಇಳಿದಾಗ ನಿದ್ದೆಯಲ್ಲೇ ಬಾಯಿ ತೆರೆಯುವುದು ಪಾಲಪ್ಪನಿಗೆ ವರ್ಷಗಟ್ಟಲೆಯ ರೂಢಿ.

"ಆಮೆನ್" ಎಂದ, ಗೋಡೆ ಮಾರ್ದನಿಸುವಂತೆ.

ಆ ಸಭೆಯಲ್ಲಿ ಹಿರಿಯನಿಗಿಂತ ಮೊದಲು ಯಾರೂ ಆಮೆನ್ ಎನ್ನುವುದಿಲ್ಲ. ಹಿರಿಯನೇ ಅಂದಮೇಲೆ ಯಾರೂ ಸುಮ್ಮನಿರುವುದಿಲ್ಲ. ಕೊಟ್ಟ ಮಾತಿಗೆ ತಪ್ಪದೆ ಎಲ್ಲರೂ "ಆಮೆನ್" ಎಂದರು, ನಿಂಗಕ್ಕ ಕೂಡ.

ಪಾದ್ರಿಗಳ ಕಣ್ಣು ಒದ್ದೆಯಾಯಿತು. "ಹಿರಿಯರೇ, ನೀವೇ ಮುಂದಾಗಿ ಒಪ್ಪಿದಿರಿ. ಮೊದಲನೆಯ ಬೆಂಚು ನಿಮಗೇ. ಪ್ರತಿ ವಾರ ನನ್ನ ಕಣ್ಣೆದುರಿಗೇ ಕೂತಿರಬೇಕು."

ಪಾಲಪ್ಪ ಪಿಳಿಪಿಳಿ ಕಣ್ಣುಬಿಟ್ಟ. ಈ ಸಲ ಸಭೆ ಅವನ ಬಾಯಿಗೆ ಕಾಯದೆ "ಆಮೆನ್" ಎಂದಿತು.