ಅಪ್ಪ ಕುದುರೆಗಳ ಪುಸ್ತಕ

ನಮ್ಮ ಸೋದರಮಾವನಿಗೆ ಮಧುಗಿರಿಯ ಮನುಷ್ಯರಿಗಿಂತ ಬೆಂಗಳೂರಿನ ಕುದುರೆಗಳ ಪರಿಚಯವೇ ಹೆಚ್ಚು ಎಂದರೆ ನೀವು ನಗಬಹುದು. ನಗಿ! ಆದರೆ ಅವರು ರೇಸಿನ ಮೈದಾನವನ್ನು ಕಣ್ಣಾರೆ ಕಂಡವರಲ್ಲ, ಒಂದು ಕಾಸೂ ಬಾಜಿ ಕಟ್ಟಿದವರಲ್ಲ ಎಂದರೆ ಏನು ಮಾಡುತ್ತೀರಿ?

ಮಹಾರಾಜರ ಕಾಲದ ಮಾತು. ಮಾವ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ತುಮಕೂರಿನ ಬಸ್ಸಿನಲ್ಲಿ ಬರುವ ಇಂಗ್ಲಿಷ್ ಪೇಪರನ್ನು ಅಮಲ್ದಾರರು ಓದಿ ಮುಗಿಸಿದ ಮೇಲೆ ಅದರ ರೇಸಿನ ಪುಟ ಮಾವನ ಪಾಲು. ಓಡುವ ಕುದುರೆ ಅವರಿಗೆ ಲೆಕ್ಕಕ್ಕೇ ಇಲ್ಲ, ಅದರ ಅಪ್ಪ ಯಾವುದು, ಅದು ಮುಖ್ಯ! ಯಾವ ಅಪ್ಪನಿಗೆ ಎಷ್ಟು ಮಕ್ಕಳು, ಎಷ್ಟು ಗೆದ್ದವು, ಐದು ಫರ್ಲಾಂಗಿಗೇ ಏದುಸಿರು ಬಿಟ್ಟವೆಷ್ಟು, ಕೆಸರಿನಲ್ಲಿ ಹಿಂದೆ ಬಿದ್ದವೆಷ್ಟು, ಎಲ್ಲವೂ ಅವರೇ ಬರೆದಿಟ್ಟ ಒಂದು ದಪ್ಪ ಪುಸ್ತಕದಲ್ಲಿ. ಅಪ್ಪ ಹೇಗೋ ಮಗ ಹಾಗೆ ಎನ್ನುವುದು ಅವರ ಸಿದ್ಧಾಂತ.

ಒಮ್ಮೆ, "ಇದು ಮೈಲಿ ಓಡೋ ವಂಶ ಅಲ್ಲ" ಎಂದು ಅವರು ತಳ್ಳಿಹಾಕಿದ ಕುದುರೆಯೇ ಮೈಲಿ ಓಟ ಗೆದ್ದುಬಿಟ್ಟಿತು. ಅತ್ತೆ ಬಿಡುತ್ತಾರೆಯೇ?

"ಈಗೇನಂತದೆ ನಿಮ್ಮ ಪುಸ್ತಕ?"

"ಪುಸ್ತಕ ಸರಿಯಾಗೇ ಐತೆ ಕಣೇ. ಕುದುರೆಗೆ ಗೊತ್ತಾಗಿಲ್ಲ!"

ಶಿರಾಕ್ಕೆ ಹೋದಾಗ ಜಟಕಾ ಹತ್ತುವ ಮೊದಲೂ ವಿಚಾರಣೆ. "ಇದರಪ್ಪ ಯಾವುದು ಸಾಬರೇ?"

"ಅರೆ ಸ್ವಾಮಿ, ನಮ್ಮ ಮುತ್ತಾತನ ಹೆಸರೇ ನಂಗೊತ್ತಿಲ್ಲ, ಕುದುರೆ ಅಪ್ಪಂದು ಎಲ್ಲಿಂದ ತರ್ಲಿ? ಹತ್ತಿ!"

ಮಾವ ಹತ್ತಲಿಲ್ಲ. ಉರಿಬಿಸಿಲಿನಲ್ಲಿ ನಾನೂ ಅತ್ತೆಯೂ ಅವರ ಹಿಂದೆ ನಡೆದೆವು. ವಂಶವಿಲ್ಲದ ಆ ಕುದುರೆ ಬೇರೆಯವರನ್ನು ಕೂರಿಸಿಕೊಂಡು ನಮ್ಮನ್ನು ದಾಟಿ ಹೋಯಿತು.

ಕುದುರೆಗಾದರೆ ಸರಿ, ಮನುಷ್ಯರಿಗೂ ಅದೇ ಅಳತೆ! ಕಚೇರಿಗೆ ಹೊಸಬ ಬಂದರೆ, "ಇವರಪ್ಪ ಮಧ್ಯಾಹ್ನ ತೂಕಡಿಸ್ತಿದ್ದ. ಇವನೂ ಮೂರು ಗಂಟೆ ದಾಟಲ್ಲ, ನೋಡ್ತಿರಿ." ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ನಗುತ್ತಿರಲಿಲ್ಲ. ನಾನು ಮೂರು ವರ್ಷದವಳಿದ್ದಾಗ ನಮ್ಮಪ್ಪ ನಾಟಕದ ಕಂಪನಿಯ ಹಿಂದೆ ಪಾವಗಡದ ಕಡೆ ಹೋದವರು ಹೋದರೇ! ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಮಾವ. ಅವರ ಲೆಕ್ಕದಲ್ಲಿ ನಾನು ಎಂಥ ಮರಿ? ಕೇಳಲು ಧೈರ್ಯವಿರಲಿಲ್ಲ.

ಕೊರಟಗೆರೆಯಿಂದ ನನ್ನನ್ನು ನೋಡಲು ಗಂಡಿನವರು ಬಂದರು. ಹುಡುಗ ಸ್ಕೂಲು ಮೇಷ್ಟ್ರು. ಕಿಟಕಿಯಿಂದ ನೋಡಿದ್ದೆ, ನನಗೆ ಒಪ್ಪಿಗೆಯಾಗಿದ್ದ. ಆದರೆ ಅವನ ದೊಡ್ಡಪ್ಪ ಮಾವನ ಕಚೇರಿಯವರೇ. ಮಾವನ ಸಿದ್ಧಾಂತ ಅವರಿಗೆ ಬಾಯಿಪಾಠ.

"ಅಪ್ಪನಂಗೇ ಮಕ್ಕಳು ಅಂತ ಊರಿಗೆಲ್ಲ ಹೇಳೋರು ನೀವು. ಈ ಹುಡುಗಿ ಅಪ್ಪ ಹೆಂಡ್ತಿ ಮಗೂನ ಬುಟ್ಟು ಹೋದೋನಲ್ವೇ?"

ಅಡಿಗೆಮನೆ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ನನಗೆ ಎಲ್ಲವೂ ಕೇಳಿಸಿತು. ಮಾವ ದೊಡ್ಡಪ್ಪನ ಕಡೆ ತಿರುಗಿದರು.

"ಕುದುರೆ ಮಾತು ಕುದುರೆಗಿರ್ಲಿ ಸ್ವಾಮಿ. ಇವಳಿಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತೋನು ನಾನು, ಅಕ್ಷರ ತಿದ್ದಿಸಿದೋನು ನಾನು. ಇವಳಪ್ಪ ನಾನೇ. ನನ್ನಲ್ಲೇನಾದ್ರೂ ಐಬಿದ್ರೆ ಹೇಳ್ಬುಟ್ಟು ಹೋಗಿ."

ದೊಡ್ಡಪ್ಪ ತಲೆ ತಗ್ಗಿಸಿ, "ಏನೂ ಇಲ್ಲ ಬುಡಿ" ಎಂದರು.

ನಾನು ಕಣ್ಣೊರೆಸಿಕೊಂಡು ನಡುಮನೆಗೆ ಬಂದೆ. ಮೊದಲ ಲೋಟ ಗಂಡಿನವರಿಗೆ ಕೊಡಬೇಕು, ಅತ್ತೆ ಹತ್ತು ಸಲ ಹೇಳಿದ್ದರು. ಕೊಡಲಿಲ್ಲ. ಅವರನ್ನೆಲ್ಲ ದಾಟಿ ಹೋಗಿ ಮಾವನ ಮುಂದೆ ನಿಂತೆ.

"ಅಪ್ಪಾ, ಕಾಫಿ."

ಕಂಡವರಿಗೆಲ್ಲ ಕುದುರೆ ಪುರಾಣ ಹೇಳುತ್ತಿದ್ದ ಮನುಷ್ಯ, ಲೋಟ ಹಿಡಿದುಕೊಂಡು ಸುಮ್ಮನೆ ಕೂತುಬಿಟ್ಟರು.