ಶೆಡ್ಡಿನ ಫ್ರಿಜ್ಜಿಗೆ ಅಜ್ಞಾತವಾಸ

ವಾಲರೂ ಊರಿನ ಆಲ್ಬಿ ಟ್ರೆಜೈಸನಿಗೆ ಸೂರ್ಯನ ಮೇಲೆ ಯಾವ ದ್ವೇಷವೂ ಇರಲಿಲ್ಲ. ಚಾವಣಿಗೆ ಸೋಲಾರ್ ಹಾಕಿಸೋಣ ಎಂದು ಹೆಂಡತಿ ನೊರೀನ್ ಹೇಳಿದಾಗ ಮೊದಲು ತಲೆಯಾಡಿಸಿದವನೇ ಅವನು. ತಾಪತ್ರಯ ಶುರುವಾದದ್ದು ಇವತ್ತು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವಳಾಡಿದ ಇನ್ನೊಂದು ಮಾತಿನಿಂದ.

"ಕಂಪನಿಯವಳು ಇವತ್ತು ಬಂದು, ಮನೇಲಿ ಯಾವ್ಯಾವುದು ಎಷ್ಟೆಷ್ಟು ಕರೆಂಟ್ ತಿನ್ನುತ್ತೆ ಅಂತ ಲೆಕ್ಕ ಹಾಕ್ತಾಳೆ. ಸುಮ್ಸುಮ್ನೆ ತಿನ್ನೋದು ಏನಿದ್ರೂ ಮೊದ್ಲು ಅದನ್ನ ಗುಜರಿಗೆ ಹಾಕೋಣ. ಬ್ಯಾಟರಿ ಮಾತು ಆಮೇಲೆ."

ಆಲ್ಬಿ ಅರ್ಧ ತಿಂದ ಟೋಸ್ಟನ್ನು ತಟ್ಟೆಗೆ ಇಟ್ಟ. ಹಿತ್ತಲ ಶೆಡ್ಡಿನಲ್ಲಿ ಅವನ ಬಿಯರ್ ಫ್ರಿಜ್ಜಿತ್ತು. ಅಪ್ಪನ ಕಾಲದ್ದು, ರಾತ್ರಿಯಿಡೀ ಗೊರಕೆ ಹೊಡೆಯುವಂಥದ್ದು. ಶನಿವಾರ ಸಂಜೆ ಅದರ ಸುತ್ತ ಗೆಳೆಯರು ಕುರ್ಚಿ ಎಳೆದುಕೊಂಡು ಕೂತರೆಂದರೆ ಆಲ್ಬಿ ಅಲ್ಲಿನ ಮಹಾರಾಜ. ಮನೆಯೊಳಗೆ ಅವನ ಅಂತಸ್ತು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಫ್ರಿಜ್ಜು ಹೋದರೆ ಅವನ ರಾಜ್ಯವೂ ಹೋದಂತೆಯೇ.

ನೊರೀನ್ ಬೇಕರಿಗೆ ಹೊರಟದ್ದೇ ತಡ, ಅವನು ಬೇಲಿಯಾಚೆಯ ಸ್ಟಾವ್‌ನನ್ನು ಕರೆದ. ಸ್ಟಾವ್ ತಳ್ಳುಗಾಡಿ ತಂದ, ತಾಡಪಾಲು ತಂದ, ಬೇಡದ ಸಲಹೆಗಳನ್ನೂ ತಂದ. ಇಬ್ಬರೂ ಫ್ರಿಜ್ಜಿಗೆ ಮುಸುಕು ಹಾಕಿ ರಸ್ತೆಗೆ ಇಳಿಸುವಷ್ಟರಲ್ಲಿ ವ್ಯಾನೊಂದು ಬಂದು ನಿಂತಿತು. ಇಳಿದವಳು ಸೋಲಾರ್ ಕಂಪನಿಯ ಕೆರಿನ್.

"ಚಾವಣಿ ಯಾವ ದಿಕ್ಕಿಗಿದೆ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ. ಲೆಕ್ಕಕ್ಕೆ ಆಮೇಲೆ ಬರ್ತೀನಿ. ಏನಿದು, ಇಷ್ಟು ಭಾರ?"

"ಬೀರು," ಎಂದ ಆಲ್ಬಿ. ಒಳಗಿದ್ದದ್ದು ಅದೇ ಆದ್ದರಿಂದ ಅದನ್ನು ಸುಳ್ಳು ಎನ್ನುವಂತಿರಲಿಲ್ಲ.

"ಬಟ್ಟೆ ಬೀರುನಲ್ಲಿ ಗಾಜಿನ ಸದ್ದು ಬರ್ತಿದೆಯಲ್ಲ?"

"ಅವರತ್ತೆ ಕೊಟ್ಟ ಪಿಂಗಾಣಿ," ಎಂದ ಸ್ಟಾವ್.

ಪಾಪ, ಒಳ್ಳೆಯ ಹುಡುಗಿ. ತಾನೂ ಒಂದು ಕೈ ಹಾಕಿ ತಳ್ಳಿದಳು. ಫ್ರಿಜ್ಜು ಸ್ಟಾವ್‌ನ ಗ್ಯಾರೇಜು ಸೇರಿತು. ಬಿಯರ್ ಬಿಸಿಯಾಗಬಾರದೆಂದು ಸ್ಟಾವ್ ಅಲ್ಲೇ ಪ್ಲಗ್ ಹಾಕಿದ.

ಆಲ್ಬಿ ಮನೆಗೆ ಬಂದು ಕೂರುವಷ್ಟರಲ್ಲಿ ನೊರೀನ್ ವಾಪಸಾಗಿ ಅವನನ್ನು ಹಾಲು ತರಲು ಅಂಗಡಿಗೆ ಅಟ್ಟಿದಳು. ಮನೆಯಲ್ಲಿ ಹಾಲು ಇತ್ತು. ಆದರೂ ಇವತ್ತು ವಾದ ಮಾಡುವ ಧೈರ್ಯ ಅವನಿಗಿರಲಿಲ್ಲ.

ಕೆರಿನ್ ಮತ್ತೆ ಬಂದಳು. ಮೀಟರ್ ನೋಡಿದಳು, ಕೋಣೆಕೋಣೆ ತಿರುಗಿದಳು, ಕೊನೆಗೆ ಕೇಕು ಹಿಡಿದು ಕೂತು ವಿವರಿಸಿದಳು. "ನೋಡಿ, ಹಗಲಿಗೆ ಪ್ಯಾನೆಲ್ಲು, ಇನ್ವರ್ಟರು ಸಾಕು. ರಾತ್ರಿ ಜಾಸ್ತಿ ಉರಿಸೋರಿಗೆ ಬ್ಯಾಟರಿ ಬೇಕು. ಆದ್ರೆ ಬ್ಯಾಟರಿ ಒಂದಕ್ಕೇ ಉಳಿದದ್ದೆಲ್ಲ ಸೇರಿದ್ದಕ್ಕಿಂತ ಜಾಸ್ತಿ ದುಡ್ಡು. ನನಗೆ ಅರ್ಥ ಆಗದೇ ಇರೋದು ಒಂದೇ. ಬಿಲ್ ನೋಡಿದ್ರೆ ರಾತ್ರಿಯಿಡೀ ಇಲ್ಲೊಂದು ಬೇಕರಿ ನಡೀತಿರಬೇಕು. ಮನೆ ನೋಡಿದ್ರೆ ನಾಲ್ಕು ಬಲ್ಬು, ಒಂದು ಕೆಟಲ್ಲು. ಯಾರಾದ್ರೂ ನಿಮ್ಮ ಕರೆಂಟ್ ಕದೀತಿದ್ದಾರಾ?"

"ಛೆ, ಈ ಬೀದೀಲಿ ಅಂಥವರಿಲ್ಲ," ಎಂದ ಆಲ್ಬಿ.

"ಮೀಟರೇ ಕೆಟ್ಟಿರಬೇಕು," ಎಂದಳು ನೊರೀನ್, ಅವನಿಗಿಂತ ಅವಸರದಲ್ಲಿ.

ಮದುವೆಯಾದಾಗಿನಿಂದ ಹೆಂಡತಿ ಇಷ್ಟು ಬೇಗ ತನ್ನ ಪಕ್ಷ ಸೇರಿದ್ದು ಆಲ್ಬಿಗೆ ನೆನಪಿರಲಿಲ್ಲ. ಅವನು ಆಶ್ಚರ್ಯಪಡುತ್ತಿರುವಾಗಲೇ ಸ್ಟಾವ್‌ನ ಹೆಂಡತಿ ವೂಲಾ ಬಾಗಿಲಲ್ಲಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಿಮ್ಮ ಸಾಮಾನಿಂದ ನಮ್ಮನೆ ಕರೆಂಟೇ ಹೋಯ್ತು. ಅಡುಗೆ ಅರ್ಧಕ್ಕೆ ನಿಂತಿದೆ."

"ಯಾವ ಸಾಮಾನು?" ಎಂದು ಗಂಡ ಹೆಂಡತಿ ಒಂದೇ ಉಸಿರಿಗೆ ಕೇಳಿ, ಮುಖ ಮುಖ ನೋಡಿಕೊಂಡರು.

ಎಲ್ಲರೂ ಗ್ಯಾರೇಜಿಗೆ ಓಡಿದರು. ಸ್ಟಾವ್ ತಾಡಪಾಲಿನ ಒಂದು ಬದಿ ಸರಿಸಿ ಫ್ರಿಜ್ಜಿನ ಪ್ಲಗ್ ಕೀಳುತ್ತಿದ್ದ. ಫ್ರಿಜ್ಜಿನ ನೆತ್ತಿಯ ಮೇಲೆ ಸಾಲಾಗಿ ಆರ್ಕಿಡ್ ಕುಂಡಗಳು. ಪಕ್ಕದಲ್ಲಿ, ಅದೇ ಗೋಡೆಯ ಪ್ಲಗ್ಗಿಗೆ, ಒಂದು ದಪ್ಪ ಹೀಟರು.

"ಬೆಳಿಗ್ಗೆ ಇದನ್ನ ಬೀರು ಅಂದ್ರಲ್ಲ?" ಎಂದಳು ಕೆರಿನ್.

ಆಲ್ಬಿ ಹೀಟರನ್ನೇ ನೋಡುತ್ತಿದ್ದ. "ಇದು ಯಾರದ್ದು?"

"ನಂದೇ," ಎಂದಳು ನೊರೀನ್, ಸಣ್ಣ ದನಿಯಲ್ಲಿ. "ಹೊಲಿಗೆ ಕೋಣೇಲಿ ನನ್ನ ಆರ್ಕಿಡ್ ಗಿಡಗಳಿಗೆ ರಾತ್ರಿ ಉರೀತಿತ್ತು. ನೀನು ಹಾಲಿಗೆ ಹೋದಾಗ ಎರಡನ್ನೂ ಬೇಲಿ ಮೇಲಿಂದ ವೂಲಾ ಕೈಗೆ ಕೊಟ್ಟೆ. ಈ ಚಳೀಲಿ ಬಿಸಿ ಇಲ್ದಿದ್ರೆ ಗಿಡ ಸತ್ತೇ ಹೋಗ್ತವೆ ಕಣೋ."

ಕೆರಿನ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ಬೇಕರಿ ಇದೇ. ಇದರ ಮುಂದೆ ಫ್ರಿಜ್ಜು ಏನೂ ಅಲ್ಲ. ಹೀಟರ್ ಇಟ್ಕೊಳ್ಳೋದಾದ್ರೆ ದೊಡ್ಡ ಬ್ಯಾಟರೀನೇ ಬೇಕು."

ಗಣಿತವೆಂದರೆ ಶಾಲೆಯ ದಿನಗಳಿಂದಲೂ ಹೆದರುತ್ತಿದ್ದ ಆಲ್ಬಿಗೆ ಇವತ್ತು ಅದು ಬಹಳ ಸುಂದರವಾಗಿ ಕಂಡಿತು. ಆದರೆ ನೊರೀನಳ ಬಾಡಿದ ಮುಖ ಕಂಡು ಅವನಿಗೆ ನಿಜಕ್ಕೂ ಅಯ್ಯೋ ಅನ್ನಿಸಿತು. ಗೆದ್ದವನಿಗೆ ಔದಾರ್ಯ ಸುಲಭ. ಫ್ರಿಜ್ಜಿನ ಹಿಂದೆ ಕೈಯಿಟ್ಟು ನೋಡಿದ.

"ಇದರ ಬೆನ್ನು ಯಾವಾಗ್ಲೂ ಬೆಚ್ಚಗಿರುತ್ತೆ, ಮುಟ್ಟಿ ನೋಡು. ನಿನ್ನ ಗಿಡಗಳನ್ನ ಇದರ ಮೇಲೇ ಇಟ್ಕೋ. ಹೀಟರೂ ಬೇಡ, ಬ್ಯಾಟರಿಯೂ ಬೇಡ."

ನೊರೀನ್ ಮುಟ್ಟಿ ನೋಡಿದಳು. ಅವಳ ಕಣ್ಣು ತುಂಬಿ ಬಂತು. ವೂಲಾ ಕೂಡ ಕೋಪ ಮರೆತು ಆಲ್ಬಿಯ ಬೆನ್ನು ತಟ್ಟಿದಳು. ಬರೀ ಪ್ಯಾನೆಲ್ಲು, ಇನ್ವರ್ಟರಿಗೆ ಅಲ್ಲೇ ಸಹಿಯಾಯಿತು.

ಸಂಜೆ ಫ್ರಿಜ್ಜು ಶೆಡ್ಡಿಗೆ ಮರಳಿತು. ಹಿಂದೆಯೇ ಕುಂಡಗಳು ಬಂದವು. ಅವುಗಳ ಹಿಂದೆ ಪರದೆ, ನೀರು ಸಿಂಪಡಿಸುವ ಬಾಟಲಿ, ಕೊನೆಗೆ ನೊರೀನಳ ಹೊಲಿಗೆ ಕುರ್ಚಿ. ಆಲ್ಬಿಯ ಕುರ್ಚಿಗಳನ್ನೆಲ್ಲ ಅವಳು ಹೊರಗೆ ಜೋಡಿಸಿದಳು.

"ಗಿಡಗಳಿಗೆ ನಿನ್ನ ಗೆಳೆಯರ ಸಿಗರೇಟ್ ಹೊಗೆ ಆಗಲ್ಲ, ಆಲ್ಬಿ. ತಣ್ಣನೆ ಗಾಳೀನೂ ಆಗಲ್ಲ. ಮೊಗ್ಗು ಬರೋವರೆಗೂ ಫ್ರಿಜ್ ಬಾಗಿಲು ತೆಗೀಬೇಡ, ಕುಂಡ ಅಲ್ಲಾಡ್ತವೆ. ನೀನು ಎಷ್ಟು ಒಳ್ಳೆಯವನು ಅಂತ ನಂಗೆ ಇಷ್ಟು ದಿನ ಗೊತ್ತೇ ಇರ್ಲಿಲ್ಲ."

ಆಲ್ಬಿ ಹೊರಗೆ ಬಂದು ನಿಂತ. ಏನೇ ಆಗಲಿ, ಫ್ರಿಜ್ಜಂತೂ ಗುಜರಿಗೆ ಹೋಗಲಿಲ್ಲ. ಅದರ ಗೊರಕೆ ಕೇಳುತ್ತಿತ್ತು, ಅಷ್ಟೇ ಸಮಾಧಾನ. ಬೇಲಿಯ ಮೇಲೆ ಸ್ಟಾವ್‌ನ ತಲೆ ಕಾಣಿಸಿತು.

"ಶನಿವಾರ ಎಷ್ಟೊತ್ತಿಗೆ ಬರ್ಲಿ, ಮಾರಾಯ?"

"ಮೆಲ್ಲಗೆ ಮಾತಾಡೋ," ಎಂದ ಆಲ್ಬಿ. "ಶನಿವಾರ ನಿನ್ನ ಗ್ಯಾರೇಜಲ್ಲೇ ಸೇರೋಣ. ಬರ್ತಾ ಅಂಗಡಿಯಿಂದ ಐಸ್ ತರ್ತೀನಿ."